ಮಾಲೆ ಹಾಕಿದ 41 ದಿನ ಆಗುತ್ತೆ, 42ನೇ ದಿನ ಯಾಕಾಗಲ್ಲ?

ಅರಸೀಕೆರೆ ಜಂಕ್ಷನ್
ನವೆಂಬರ್ ಮಧ್ಯ ಬಂತು ಅಂದ್ರೆ ಹಾಸನ, ಚಿಕ್ಕಮಗಳೂರು ಕಡೆ ಎಲ್ಲಿ ನೋಡಿದ್ರೂ ಕಪ್ಪು ಪಂಚೆ. ದಿನಕ್ಕೆ 15 ಸಿಗರೇಟು ಎಳೆಯೋನೂ ಅಯ್ಯಪ್ಪ ಮಾಲೆ ಬಿದ್ದ ಬೆಳಿಗ್ಗೆಯಿಂದ ಒಂದನ್ನೂ ಮುಟ್ಟಲ್ಲ. ಚಟ ಬಿಡಿಸೋ ನಿಕೋಟಿನ್ ಗಮ್ ಇಲ್ಲ, ಮಾತ್ರೆ ಇಲ್ಲ, ಡಾಕ್ಟ್ರೂ ಇಲ್ಲ. ಶಬರಿಮಲೆಗೆ ಹೋಗಿ ಬಂದು ಮಾಲೆ ತೆಗೆದ ಸಂಜೆ ಅದೇ ಗೂಡಂಗಡಿ, ಅದೇ ಹೊಗೆ. ದೇಹ ಕೇಳುತ್ತೆ ಅನ್ನೋದಾದ್ರೆ ಮೊದಲನೇ ವಾರವೇ ಕೇಳ್ಬೇಕಿತ್ತು. 41 ದಿನ ಸುಮ್ನಿದ್ದು 42ಕ್ಕೆ ಯಾಕೆ ಕೇಳುತ್ತೆ? ಹಾಗಾದ್ರೆ ‘ಬಿಡೋ ನಿರ್ಧಾರ’ ಅಂದ್ರೆ ಏನು, ಅದು ತಲೇಲಿ ಎಲ್ಲಿ ಕೂತಿರುತ್ತೆ? ಉಪದೇಶ ಬೇಡ. ಪ್ಯಾಕಿನ ಮೇಲೆ 2016ರಿಂದ ನೂರಕ್ಕೆ 85 ಭಾಗ ಅದೇ ತುಂಬಿದೆ. ಗೊತ್ತಿರೋರು ಒಳಗಿನ ಲೆಕ್ಕ ಹೇಳಿ.

ಸೀದಾ ಮಾತು
ದೇವರ ಭಯ. ಅಷ್ಟೇ. ಚರ್ಚೆ ಮುಗೀತು.

ಹೇಮಾವತಿ ಹಿನ್ನೀರು
ಇನ್ನೂ ಶುರುವೇ ಆಗಿಲ್ಲ ಸ್ವಾಮಿ. ಭಯ ಒಂದೇ ಆಗಿದ್ರೆ ಪ್ಯಾಕಿನ ಚಿತ್ರಕ್ಕೂ ಭಯ ಬೀಳ್ಬೇಕಿತ್ತು. ಮಾಲೆ ಏನೇನು ಕೊಡುತ್ತೆ ಅಂತ ಒಂದೊಂದಾಗಿ ಬಿಡಿಸಿ ನೋಡಿ. ಶುರು ಮಾಡೋ ದಿನವನ್ನ ಗುರುಸ್ವಾಮಿ ಗೊತ್ತು ಮಾಡ್ತಾರೆ, ನೀವು ಮುಂದೂಡೋ ಹಾಗಿಲ್ಲ. ಬಟ್ಟೆ ಬದಲಾಗುತ್ತೆ, ಹೆಸರೂ ‘ಸ್ವಾಮಿ’ ಅಂತ ಬದಲಾಗುತ್ತೆ. ಬೆಳಿಗ್ಗೆ ಎದ್ದ ಕೂಡ್ಲೇ ಸಿಗರೇಟಿನ ಜಾಗಕ್ಕೆ ತಣ್ಣೀರು ಸ್ನಾನ, ಶರಣು ಘೋಷ. ಸಂಜೆ ಅಂಗಡಿ ಕಟ್ಟೆ ಬದಲು ಭಜನೆ. ಎಲ್ಲಕ್ಕಿಂತ ದೊಡ್ಡದು, ಕಪ್ಪು ಪಂಚೆ ಕಂಡ್ರೆ ಯಾರೂ ಪ್ಯಾಕ್ ಮುಂದೆ ಚಾಚಲ್ಲ. ಬೇಡ ಅನ್ನೋ ಕಷ್ಟವೇ ಇಲ್ಲ.

ನಿಕೋಟಿನ್ ಬಿಟ್ಟ ಚಡಪಡಿಕೆ ಎರಡು ಮೂರನೇ ದಿನಕ್ಕೆ ತಾರಕಕ್ಕೆ ಹೋಗಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿದುಬಿಡುತ್ತೆ. ಅಂದ್ರೆ 41 ದಿನಕ್ಕೆ ದೇಹದ ಪಾಲಿನ ಕೆಲಸ ಬಹುಪಾಲು ಮುಗಿದಿರುತ್ತೆ. 42ನೇ ದಿನ ಕೇಳೋದು ದೇಹ ಅಲ್ಲ, ಕಟ್ಟೆ. ಆ ಗೂಡಂಗಡಿ ಮುಂದೆ ಗೆಳೆಯರ ಜೊತೆ ನಿಂತು ಸೇದದೇ ಇರೋದನ್ನ ಆ 41 ದಿನದಲ್ಲಿ ಒಂದು ಸಲವೂ ಅಭ್ಯಾಸ ಮಾಡಿರಲ್ಲ. ಮರೆತದ್ದು ಭಜನೆ ಮಂಟಪದಲ್ಲಿ, ಪರೀಕ್ಷೆ ಬಂದದ್ದು ಬಸ್ ಸ್ಟ್ಯಾಂಡಲ್ಲಿ. ಒಂದು ಜಾಗದಲ್ಲಿ ಆರಿದ ಆಸೆ ಹಳೇ ಜಾಗಕ್ಕೆ ವಾಪಸ್ ಹೋದ್ರೆ ಮತ್ತೆ ಹೊತ್ತಿಕೊಳ್ಳುತ್ತೆ. ಕಲಿಕೆಯ ಮನಶ್ಶಾಸ್ತ್ರದಲ್ಲಿ ಇದು ಚೆನ್ನಾಗಿ ಗೊತ್ತಿರೋ ವಿಷಯ.

ಮೂಡಿಗೆರೆ ಮಂಜು
ಈಗ 41 ದಿನ ಯಾರು ಹಾಕ್ತಾರೆ ಮಾರಾಯ್ರೆ. 9 ದಿನ, 3 ದಿನದ ಮಾಲೆ ಕಾಲ ಇದು.

ಹೇಮಾವತಿ ಹಿನ್ನೀರು
ಮೂರು ದಿನದ ಮಾಲೆ ಅಂದ್ರೆ ಸರಿಯಾಗಿ ಚಡಪಡಿಕೆಯ ತುತ್ತತುದೀಲಿ ಮಾಲೆ ತೆಗೆದ ಹಾಗೆ. ಅವರಿಗೆ ನೆನಪಲ್ಲಿ ಉಳಿಯೋದು ‘ಬಿಟ್ರೆ ನರಕ’ ಅನ್ನೋ ಪಾಠ ಮಾತ್ರ.

ಬೇಲೂರು ಬಸ್ಸು
21 ದಿನ ಒಂದು ಕೆಲಸ ಮಾಡಿದ್ರೆ ಅಭ್ಯಾಸ ಆಗುತ್ತೆ, ಬಿಟ್ರೆ ಹೋಗುತ್ತೆ ಅಂತಾರಲ್ಲ?

ಸಂಪಿಗೆ ರಸ್ತೆ
ವಾಟ್ಸಾಪ್ ಲೆಕ್ಕ ಅದು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಅಳೆದಾಗ ಹೊಸ ಅಭ್ಯಾಸ ಕೂರೋಕೆ ಸರಾಸರಿ 66 ದಿನ ಬಂತು. ಕೆಲವರಿಗೆ 18, ಕೆಲವರಿಗೆ 254. ಅದೂ ನೀರು ಕುಡಿಯೋದು, ನಡೆಯೋದು ಥರದ ಅಭ್ಯಾಸ. ಚಟ ಬಿಡೋದಕ್ಕೆ ಅದನ್ನ ಹಾಗೇ ಹಚ್ಚೋಕೂ ಬರಲ್ಲ.

ಸೀದಾ ಮಾತು
ಸರಿ, ಹಾಗಾದ್ರೆ ನಿರ್ಧಾರ ಅನ್ನೋದೇ ಸುಳ್ಳಾ? ಯುಗಾದಿಗೆ ಬಿಡ್ತೀನಿ, ಮಗಳ ನಾಮಕರಣಕ್ಕೆ ಬಿಡ್ತೀನಿ, ಕೊಯ್ಲು ಮುಗಿದ್ಮೇಲೆ ಬಿಡ್ತೀನಿ ಅನ್ನೋರು ಯಾರೂ ಬಿಟ್ಟಿದ್ದು ನೋಡಿಲ್ಲ. ಬಿಡೋನು ಹೇಳದೆ ಬಿಡ್ತಾನೆ.

ಹೇಮಾವತಿ ಹಿನ್ನೀರು
ಅರ್ಧ ಸರಿ. ಪ್ರೊಚಾಸ್ಕ ಮತ್ತು ಡಿಕ್ಲೆಮೆಂಟೆ ಅನ್ನೋ ಮನಶ್ಶಾಸ್ತ್ರಜ್ಞರು ಹೇಳಿದ್ದು ಮೆಟ್ಟಿಲುಗಳ ಲೆಕ್ಕ: ಯೋಚನೆಯೇ ಇಲ್ಲದ ಹಂತ, ಬಿಡ್ಬೇಕು ಅನ್ನಿಸೋ ಹಂತ, ತಯಾರಿ, ಬಿಡೋದು, ಕಾಯ್ದುಕೊಳ್ಳೋದು. ಸಲಹೆಗಾರರು ಇವತ್ತಿಗೂ ಹೆಚ್ಚಾಗಿ ಬಳಸೋದು ಇದನ್ನೇ. ಆದ್ರೆ 2006ರಲ್ಲಿ ಇಂಗ್ಲೆಂಡಿನ ರಾಬರ್ಟ್ ವೆಸ್ಟ್ ತಂಡ ಲೆಕ್ಕ ಹಾಕಿದಾಗ, ಹೆಚ್ಚುಕಮ್ಮಿ ಅರ್ಧ ಪ್ರಯತ್ನಗಳು ಯಾವ ಯೋಜನೆಯೂ ಇಲ್ಲದೆ ಆ ಕ್ಷಣಕ್ಕೆ ಆದವು. ಯೋಜನೆ ಹಾಕಿ ಬಿಟ್ಟವರಿಗಿಂತ ಅವೇ ಆರು ತಿಂಗಳು ದಾಟಿದ್ದು ಹೆಚ್ಚು.

ಇದಕ್ಕೆ ಅವರು ಕೊಟ್ಟ ವಿವರಣೆ ನಮ್ಮ ಚರ್ಚೆಗೆ ಬೇಕು. ಒಳಗೆ ಅಸಮಾಧಾನ ವರ್ಷಗಟ್ಟಲೆ ಗುಡ್ಡೆ ಬಿದ್ದಿರುತ್ತೆ. ಮೆಟ್ಟಿಲು ಹತ್ತುವಾಗಿನ ಏದುಸಿರು, ಮೊಮ್ಮಗು ಮೂಗು ಮುಚ್ಚಿಕೊಂಡಿದ್ದು, ಮಳೇಲಿ ಅಂಗಡಿಗೆ ಓಡಿದ್ದು. ಕೊನೆಗೆ ಒಂದು ಸಣ್ಣ ಕಿಡಿ ಸಾಕು. ಹೊರಗಿನಿಂದ ನೋಡೋರಿಗೆ ಅದು ಹೇಳದೆ ಬಿಟ್ಟ ಹಾಗೆ ಕಾಣುತ್ತೆ.

‘ಕೊಯ್ಲು ಮುಗಿದ್ಮೇಲೆ’ ಅನ್ನೋದರ ಕಥೆ ಬೇರೆ. ‘ಮುಂದೆ ಬಿಡ್ತೀನಿ’ ಅಂದ ಕೂಡ್ಲೇ ಮನಸ್ಸು ಹಗುರಾಗುತ್ತೆ. ಬಿಟ್ಟಷ್ಟೇ ಸಮಾಧಾನ ಪುಕ್ಕಟೆ ಸಿಕ್ಕಿಬಿಡುತ್ತೆ. ಸಮಾಧಾನ ಸಿಕ್ಕಿದ್ಮೇಲೆ ಬಿಡೋಕೆ ಕಾರಣ ಎಲ್ಲಿ ಉಳೀತು?

ಅರಸೀಕೆರೆ ಜಂಕ್ಷನ್
ಇದು ಚೆನ್ನಾಗಿದೆ. ಹಾಗಾದ್ರೆ ದಿನಾಂಕ ಇಟ್ಟುಕೊಳ್ಳೋದೇ ತಪ್ಪಾ?

ಗುಳಿಗೆ ಡಬ್ಬಿ
ತಪ್ಪಲ್ಲ, ಆದ್ರೆ ಎರಡು ವಾರದ ಒಳಗಿರಬೇಕು. ಅದಕ್ಕಿಂತ ದೂರ ಇಟ್ಟದ್ದು ದಿನಾಂಕ ಅಲ್ಲ, ಸಬೂಬು. ಔಷಧಿ ಲೆಕ್ಕದಲ್ಲೂ ಇದೇ ಸರಿ: ಡಾಕ್ಟ್ರು ವರೆನಿಕ್ಲಿನ್ ಬರೆದ್ರೆ ಬಿಡೋ ದಿನಕ್ಕೆ ಒಂದು ವಾರ ಮೊದಲು ಶುರು, ಬುಪ್ರೊಪಿಯಾನ್ ಆದ್ರೆ ಒಂದರಿಂದ ಎರಡು ವಾರ ಮೊದಲು. ಫಿಟ್ಸ್ ಇರೋರಿಗೆ ಬುಪ್ರೊಪಿಯಾನ್ ಕೊಡಲ್ಲ. ಯಾರೋ ಹೇಳಿದ್ರು ಅಂತ ಅಂಗಡೀಲಿ ಕೇಳಿ ತಗೊಳ್ಳೋ ಮಾತ್ರೆ ಇವಲ್ಲ.

ಸೀದಾ ಮಾತು
ಒಂದೊಂದೇ ಕಮ್ಮಿ ಮಾಡ್ತಾ ಬಿಡೋದು ಹೇಗೆ? 15 ಇದ್ದದ್ದು 10, ಆಮೇಲೆ 5.

ಗುಳಿಗೆ ಡಬ್ಬಿ
10ಕ್ಕೆ ಇಳಿಸಿದೋನು ಪ್ರತಿಯೊಂದನ್ನೂ ಫಿಲ್ಟರ್ ಸುಡೋವರೆಗೆ, ಎದೆ ತುಂಬ ಎಳೀತಾನೆ. ಲೆಕ್ಕ ಇಳಿಯುತ್ತೆ, ನಿಕೋಟಿನ್ ಅಷ್ಟಾಗಿ ಇಳಿಯಲ್ಲ. ಮೇಲಾಗಿ ಉಳಿದ ಐದು ಸಿಗರೇಟು ಕಾದು ಕಾದು ಸೇದಿದ್ದರಿಂದ ಇನ್ನೂ ರುಚಿ. 2016ರಲ್ಲಿ ಆಕ್ಸ್‌ಫರ್ಡಿನವರು 697 ಜನರ ಮೇಲೆ ಇದನ್ನೇ ನೋಡಿದ್ರು. ನಾಲ್ಕು ವಾರದ ಕೊನೆಗೆ, ಒಂದೇ ದಿನ ಪೂರ್ತಿ ಬಿಟ್ಟವರಲ್ಲಿ 49%, ಎರಡು ವಾರದಲ್ಲಿ ಇಳಿಸುತ್ತಾ ಬಂದವರಲ್ಲಿ 39% ಸೇದದೇ ಉಳಿದಿದ್ರು.

ಸೀದಾ ಮಾತು
ನೋಡಿ! ಗಂಡಸಾದ್ರೆ ಒಂದೇ ಏಟಿಗೆ!

ಸಂಪಿಗೆ ರಸ್ತೆ
ಗಂಡಸುತನ ಎಲ್ಲಿಂದ ಬಂತು ಇಲ್ಲಿ? ಆ ಎರಡೂ ಗುಂಪಿಗೂ ಚರ್ಮಕ್ಕೆ ಅಂಟಿಸೋ ನಿಕೋಟಿನ್ ಪ್ಯಾಚು, ನರ್ಸುಗಳ ಸಲಹೆ ಎಲ್ಲ ಕೊಟ್ಟಿದ್ರು. ಬರೀ ಮನೋಬಲ ನಂಬಿಕೊಂಡು ಬಿಟ್ಟವರಲ್ಲಿ ಆರು ತಿಂಗಳಿಂದ ಒಂದು ವರ್ಷ ದಾಟೋರು ನೂರಕ್ಕೆ ಮೂರರಿಂದ ಐದು ಜನ. ಮನೆಯವರಿಗೂ ಒಂದು ಮಾತು: ‘ನಿನಗೆ ಮನಸ್ಸಿಲ್ಲ, ಅದಕ್ಕೇ ಆಗ್ತಿಲ್ಲ’ ಅಂತ ಚುಚ್ಚಿದಷ್ಟೂ ಅವನು ಸೇದೋದಕ್ಕೆ ಕಾರಣ ಹುಡುಕಿ ವಾದ ಮಾಡ್ತಾನೆ. ವಾದ ಮಾಡ್ತಾ ಮಾಡ್ತಾ ತನ್ನ ಮಾತನ್ನ ತಾನೇ ನಂಬ್ತಾನೆ. ‘ಬಿಡೋದಾದ್ರೆ ಯಾಕೆ ಬಿಡ್ತೀಯ?’ ಅಂತ ಕೇಳಿ ಸುಮ್ನಿರಿ. ಕಾರಣ ಅವನ ಬಾಯಿಂದಲೇ ಬರಲಿ.

ರಾಮನಾಥಪುರದ ಕಡೆಯೋರು
ಕಾರಣ ಹುಡುಕೋದರಲ್ಲಿ ನಮ್ಮೋರನ್ನ ಮೀರಿಸೋರಿಲ್ಲ. ‘ನಮ್ಮಜ್ಜ 90ರ ತನಕ ಬೀಡಿ ಸೇದಿದ್ದ’, ‘ಚಳಿ, ಮಳೆ, ಬೇಕಾಗುತ್ತೆ’, ‘ತಂಬಾಕು ಮಂಡಳೀನೇ ನಿಂತು ಹರಾಜು ಮಾಡಿಸುತ್ತೆ, ಕೆಟ್ಟದ್ದಾದ್ರೆ ಸರ್ಕಾರ ಮಾಡಿಸ್ತಿತ್ತಾ’. ಅರಕಲಗೂಡು ಕಡೆ ಹೊಗೆಸೊಪ್ಪು ಅಂದ್ರೆ ಬ್ಯಾಂಕ್ ಸಾಲ, ಮಗಳ ಮದುವೆ. ಅದನ್ನ ವಿಷ ಅಂತ ಒಪ್ಪೋದು ಬಾಯಿಗೇ ಬರಲ್ಲ. ಆದ್ರೆ ಒದ್ದೆ ಸೊಪ್ಪು ಮುರಿದ ದಿನ ತಲೆ ಸುತ್ತು, ವಾಂತಿ ಬರುತ್ತಲ್ಲ, ಅದು ಚರ್ಮದಿಂದ ಒಳಗೆ ಹೋದ ನಿಕೋಟಿನ್ನೇ. ‘ಬಿಸಿಲು ಬಡೀತು’ ಅಂತ ಮಜ್ಜಿಗೆ ಕುಡಿಸ್ತಾರೆ.

ಹೇಮಾವತಿ ಹಿನ್ನೀರು
ಲಿಯಾನ್ ಫೆಸ್ಟಿಂಗರ್ ಅನ್ನೋ ಮನಶ್ಶಾಸ್ತ್ರಜ್ಞ 1957ರಲ್ಲಿ ಮನಸ್ಸಿನ ಈ ತಿಕ್ಕಾಟದ ಬಗ್ಗೆ ಬರೆದಾಗ ಉದಾಹರಣೆಗೆ ತಗೊಂಡದ್ದೂ ಸಿಗರೇಟು ಸೇದೋನನ್ನೇ. ಗೊತ್ತಿರೋದು ಒಂದು, ಮಾಡೋದು ಒಂದು ಆದಾಗ ಮಾಡೋದನ್ನ ಬದಲಿಸೋದಕ್ಕಿಂತ ಗೊತ್ತಿರೋದನ್ನ ಬದಲಿಸೋದು ಸುಲಭ. ಅಜ್ಜನ ಕಥೆ ಬರೋದು ಅಲ್ಲಿಂದ. ಅಜ್ಜನ ಜೊತೆ ಸೇದ್ತಿದ್ದ ಗೆಳೆಯರು 60ಕ್ಕೇ ಹೋಗಿರ್ತಾರೆ, ಅವರ ಕಥೆ ಹೇಳೋಕೆ ಯಾರೂ ಉಳಿದಿರಲ್ಲ.

ಮೂಡಿಗೆರೆ ಮಂಜು
ಬೀಡಿ ಅಷ್ಟು ಕೆಟ್ಟದ್ದಲ್ಲ, ಎಲೆ ತಾನೇ?

ಗುಳಿಗೆ ಡಬ್ಬಿ
ಎಲೆ ಇರೋದರಿಂದಲೇ ಕೆಟ್ಟದ್ದು. ಕಾಗದದ ಹಾಗೆ ಅದರೊಳಗೆ ಗಾಳಿ ಆಡಲ್ಲ. ಆರಿಹೋಗದ ಹಾಗೆ ಪದೇ ಪದೇ, ಜೋರಾಗಿ ಎಳೀಬೇಕು. ತಂಬಾಕು ಕಮ್ಮಿ ಇದ್ರೂ ಟಾರು, ನಿಕೋಟಿನ್, ಕಾರ್ಬನ್ ಮಾನಾಕ್ಸೈಡ್ ಯಾವುದೂ ಕಮ್ಮಿ ಇಲ್ಲ. ‘ಸಿಗರೇಟು ಬಿಟ್ಟು ಎಲೆಅಡಿಕೆಗೆ ಬಂದೆ’ ಅನ್ನೋರೂ ಇದ್ದಾರೆ. ಅದಕ್ಕೆ ಹೊಗೆಸೊಪ್ಪು ಸೇರಿಸಿದ್ರೆ ನಿಕೋಟಿನ್ ಬಾಗಿಲು ಬದಲಾಯಿಸಿತು ಅಷ್ಟೇ. ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ. ತೋಟ ಇರೋರು ಬೈಕೋಬೇಡಿ.

ರೋಬಸ್ಟಾ ರಾಯ
ಎಲ್ಲರೂ ಕಾಫಿ ಮರೆತಿದ್ದೀರಿ. ನಮ್ಮ ಜಿಲ್ಲೇಲಿ ಸಿಗರೇಟು ಬಿಡೋನ ಮೊದಲ ಶತ್ರು ಬೆಳಗಿನ ಫಿಲ್ಟರ್ ಕಾಫಿ. ಅದು ನೆನಪು ಮಾಡುತ್ತೆ ಅನ್ನೋದು ಎಲ್ಲರಿಗೂ ಗೊತ್ತು, ಇನ್ನೊಂದು ವಿಷಯ ಗೊತ್ತಿಲ್ಲ. ಹೊಗೆಯ ಟಾರಿನಲ್ಲಿರೋ ಕೆಲವು ರಾಸಾಯನಿಕಗಳು ಲಿವರಿನ ಒಂದು ಕಿಣ್ವವನ್ನ ಚುರುಕು ಮಾಡ್ತವೆ. ಕೆಫೀನ್ ಒಡೆಯೋದೂ ಅದೇ ಕಿಣ್ವ. ಹಾಗಾಗಿ ಸೇದೋನ ಮೈಯಲ್ಲಿ ಕಾಫಿ ಬೇಗ ಕರಗುತ್ತೆ. ಸೇದೋದು ನಿಲ್ಲಿಸಿದ ಕೆಲವೇ ದಿನಕ್ಕೆ ಕಿಣ್ವ ನಿಧಾನ ಆಗುತ್ತೆ. ಅಷ್ಟೇ ಕಾಫಿ ಕುಡಿದ್ರೂ ರಕ್ತದಲ್ಲಿ ಕೆಫೀನ್ ಸುಮಾರು ದುಪ್ಪಟ್ಟು ನಿಲ್ಲುತ್ತೆ. ಕೈ ನಡುಕ, ಎದೆ ಢವಢವ, ರಾತ್ರಿ ನಿದ್ದೆ ಇಲ್ಲ. ಅವನು ‘ಸಿಗರೇಟು ಬಿಟ್ಟಿದ್ದಕ್ಕೇ ಹೀಗೆ’ ಅಂತ ತಿಳ್ಕೊಂಡು ಒಂದು ಹಚ್ಚುತ್ತಾನೆ.

ಬಿಡೋ ದಿನದಿಂದ ಕಾಫಿ ಅರ್ಧಕ್ಕೆ ಇಳಿಸಿ. ನಾಲ್ಕು ಲೋಟ ಕುಡಿಯೋರು ಎರಡಕ್ಕೆ, ಅದೂ ಮಧ್ಯಾಹ್ನದೊಳಗೆ. ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್, ಚಿಕೋರಿಯಲ್ಲಿ ಇಲ್ಲವೇ ಇಲ್ಲ. ಸದ್ಯಕ್ಕೆ ಅರೇಬಿಕಾಕ್ಕೆ ಬನ್ನಿ.

ಮೂಡಿಗೆರೆ ಮಂಜು
ರೋಬಸ್ಟಾ ಅಂತ ಹೆಸರಿಟ್ಕೊಂಡು ಅರೇಬಿಕಾ ಕುಡೀರಿ ಅಂತೀರಲ್ಲ, ದ್ರೋಹ.

ಗುಳಿಗೆ ಡಬ್ಬಿ
ರಾಯರು ಹೇಳಿದ್ದು ನೂರಕ್ಕೆ ನೂರು. ಗಮ್, ಪ್ಯಾಚ್ ಹಾಕಿಕೊಂಡ್ರೂ ಇದು ತಪ್ಪೋದಿಲ್ಲ, ಯಾಕಂದ್ರೆ ಕಾರಣ ಹೊಗೆ, ನಿಕೋಟಿನ್ ಅಲ್ಲ. ಉಬ್ಬಸಕ್ಕೆ ಥಿಯೋಫಿಲಿನ್, ಮಾನಸಿಕ ಕಾಯಿಲೆಗೆ ಕ್ಲೋಜಪಿನ್ ತಗೊಳ್ಳೋರು ಬಿಡೋ ಮೊದಲೇ ಡಾಕ್ಟ್ರಿಗೆ ಹೇಳಲೇಬೇಕು. ಅವೂ ಅದೇ ಕಿಣ್ವದ ದಾರಿ, ಪ್ರಮಾಣ ಇಳಿಸಬೇಕಾಗಬಹುದು.

ಗಮ್ ವಿಷಯಕ್ಕೆ ಬಂದದ್ದರಿಂದ ಇದನ್ನೂ ಹೇಳಿಬಿಡ್ತೀನಿ. ‘ಗಮ್ ತಿಂದೆ, ಕೆಲಸ ಮಾಡ್ಲಿಲ್ಲ’ ಅನ್ನೋರಲ್ಲಿ ಬಹುಪಾಲು ಜನ ಅಗಿದದ್ದೇ ತಪ್ಪು. ಅದು ಬಬಲ್ ಗಮ್ ಅಲ್ಲ. ಹತ್ತು ಹದಿನೈದು ಸಲ ನಿಧಾನಕ್ಕೆ ಅಗೀರಿ, ಮೆಣಸಿನ ಥರ ಚುರುಕು ಬಂದ ಕೂಡ್ಲೇ ನಿಲ್ಲಿಸಿ ಕೆನ್ನೆ ಮತ್ತು ವಸಡಿನ ಮಧ್ಯ ಒತ್ತಿಡಿ. ಒಂದು ನಿಮಿಷಕ್ಕೆ ಚುರುಕು ಹೋಗುತ್ತೆ, ಮತ್ತೆ ಅಗೀರಿ, ಈ ಸಲ ಇನ್ನೊಂದು ಕೆನ್ನೆ. ಹೀಗೆ ಅರ್ಧ ಗಂಟೆ. ರಸ ನುಂಗಿದ್ರೆ ಬಿಕ್ಕಳಿಕೆ, ಎದೆಯುರಿ, ನಿಕೋಟಿನ್ನೂ ವ್ಯರ್ಥ. ಗಮ್ಮಿಗೆ ಮುಂಚಿನ 15 ನಿಮಿಷ ಕಾಫಿ, ನಿಂಬೆ ಶರಬತ್ತು, ಸೋಡಾ ಬೇಡ. ಬಾಯಿ ಹುಳಿಯಾದ್ರೆ ನಿಕೋಟಿನ್ ಒಳಗಿಳಿಯಲ್ಲ. ಕಾಫಿ ಕುಡಿದ ಕೂಡ್ಲೇ ಗಮ್ ಹಾಕೋದು ನಮ್ಮ ಕಡೆಯ ಮಾಮೂಲಿ ತಪ್ಪು.

2 ಮಿಲಿಗ್ರಾಂದಾ, 4ದಾ ಅನ್ನೋದಕ್ಕೆ ಒಂದೇ ಪ್ರಶ್ನೆ ಸಾಕು: ಎದ್ದ ಎಷ್ಟು ಹೊತ್ತಿಗೆ ಮೊದಲನೇ ಸಿಗರೇಟು? ಅರ್ಧ ಗಂಟೆ ಒಳಗಾದ್ರೆ 4, ಆಮೇಲಾದ್ರೆ 2. ಮೊದಲ ಆರು ವಾರ ಗಂಟೆ ಎರಡು ಗಂಟೆಗೊಂದು. ತೆವಲು ಬಂದಾಗ ಮಾತ್ರ ಒಂದು ಅಂತ ದಿನಕ್ಕೆ ಎರಡು ಮೂರು ಹಾಕ್ಕೊಂಡ್ರೆ ಸಾಲಲ್ಲ. ಆಮೇಲೆ ಅಂತರ ಹೆಚ್ಚಿಸುತ್ತಾ 12 ವಾರಕ್ಕೆ ಮುಗಿಸಿ. ಬಸುರಿಯರು, ಇತ್ತೀಚೆಗೆ ಹಾರ್ಟ್ ಅಟ್ಯಾಕ್ ಆದೋರು ಕೇಳದೆ ತಗೊಳ್ಳಬಾರದು.

ಬೇಲೂರು ಬಸ್ಸು
ಎದ್ದ ಹೊತ್ತಿನ ಪ್ರಶ್ನೆ ಯಾಕೆ? ದಿನಕ್ಕೆಷ್ಟು ಅಂತ ಕೇಳ್ಬೇಕಲ್ವಾ?

ಗುಳಿಗೆ ಡಬ್ಬಿ
ರಾತ್ರಿಯೆಲ್ಲ ಮಲಗಿದಾಗ ನಿಕೋಟಿನ್ ಇಳಿದಿರುತ್ತೆ, ಎರಡೆರಡು ಗಂಟೆಗೆ ಅರ್ಧರ್ಧ ಆಗ್ತಾ ಬೆಳಿಗ್ಗೆಗೆ ಖಾಲಿ. ಎದ್ದ ಐದು ನಿಮಿಷಕ್ಕೇ ಬೇಕು ಅನ್ನೋನ ಮಿದುಳು ಎಷ್ಟು ಒಗ್ಗಿದೆ ಅಂತ ಅದರಲ್ಲೇ ಗೊತ್ತಾಗುತ್ತೆ. ಫಾಗರ್‌ಸ್ಟ್ರಾಮ್ ಅನ್ನೋ, ಚಟ ಎಷ್ಟು ಗಟ್ಟಿ ಅಂತ ಅಳೆಯೋ ಪರೀಕ್ಷೆಯಲ್ಲಿ ಐದು ನಿಮಿಷದೊಳಗೆ ಅಂದ್ರೆ 3 ಅಂಕ, ಅರ್ಧ ಗಂಟೆಯೊಳಗೆ 2, ಒಂದು ಗಂಟೆಯೊಳಗೆ 1. ದಿನದ ಲೆಕ್ಕಕ್ಕೂ ಅಂಕ ಇದೆ. ಆದ್ರೆ ಬಿಡಿಬಿಡಿಯಾಗಿ ಕೊಳ್ಳೋರು ಲೆಕ್ಕ ಹೇಳೋದರಲ್ಲಿ ಯಾವತ್ತೂ ಜಿಪುಣರು.

ಸಂಪಿಗೆ ರಸ್ತೆ
ಬಿಡಿ ಸಿಗರೇಟಿನದು ಒಂದು ವಿಚಿತ್ರ ಗಮನಿಸಿ. ಚಿತ್ರ, ಎಚ್ಚರಿಕೆ, 2018ರಿಂದ ಸಹಾಯವಾಣಿ ನಂಬರ್ ಎಲ್ಲ ಇರೋದು ಪ್ಯಾಕಿನ ಮೇಲೆ. ಪ್ಯಾಕು ಅಂಗಡಿಯವನ ಹತ್ರ. ಸೇದೋನಿಗೆ ಸಿಗೋದು ಬರೀ ಬಿಳಿ ಕಡ್ಡಿ. ರಾಜ್ಯದ ಹೊಸ ತಿದ್ದುಪಡಿ ಪ್ರಕಾರ ಬಿಡಿಯಾಗಿ ಮಾರೋ ಹಾಗೇ ಇಲ್ಲ, ಕೊಳ್ಳೋನಿಗೆ 21 ತುಂಬಿರಬೇಕು, ಸಾರ್ವಜನಿಕ ಜಾಗದಲ್ಲಿ ಸೇದಿದ್ರೆ 1000 ರೂಪಾಯಿ ದಂಡ. ಗೂಡಂಗಡೀಲಿ ನಡೆಯೋದು ಎಲ್ಲರಿಗೂ ಗೊತ್ತು.

ಸೀದಾ ಮಾತು
ಟೆನ್ಷನ್ನಿಗೆ ಸೇದ್ತಾರಲ್ಲ, ಅದಕ್ಕೇನು ಮಾಡ್ತೀರಿ? ಕೊಯ್ಲಿನ ಟೈಮಲ್ಲಿ ಆಳು ಸಿಗಲ್ಲ, ಕಣದಲ್ಲಿ ಹಣ್ಣು ಹರಡಿದಾಗ ಮಳೆ. ಅವತ್ತು ಗಮ್ ಅಗೀತಾ ಕೂರ್ತಾನಾ?

ಹೇಮಾವತಿ ಹಿನ್ನೀರು
ಟೆನ್ಷನ್ನಿನ ಅರ್ಧ ಭಾಗ ಸಿಗರೇಟಿನದೇ. ಕೊನೇದು ಸೇದಿ ಒಂದೆರಡು ಗಂಟೆ ಆಯ್ತು ಅಂದ್ರೆ ಚಡಪಡಿಕೆ ಶುರು. ಹಚ್ಚಿದ ಕೂಡ್ಲೇ ಹೋಗುತ್ತೆ. ಅವನಿಗೆ ಅನ್ನಿಸೋದು ‘ಸಿಗರೇಟು ಟೆನ್ಷನ್ ಕಳೀತು’ ಅಂತ. ಬಿಗಿ ಚಪ್ಪಲಿ ಹಾಕಿಕೊಂಡು, ಬಿಚ್ಚಿದಾಗ ಹಾಯ್ ಅನ್ನಿಸಿದ ಹಾಗೆ. ಬಿಟ್ಟು ವಾರಗಳು ದಾಟಿದವರಲ್ಲಿ ಆತಂಕ, ಖಿನ್ನತೆ ಮೊದಲಿಗಿಂತ ಕಮ್ಮಿ ಇರೋದು 2014ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಕಂಡದ್ದು.

ಆದ್ರೆ ನಿಮ್ಮ ಪ್ರಶ್ನೇಲಿ ಒಂದು ನಿಜ ಇದೆ. ತೋಟದಲ್ಲಿ, ಡಿಪೋದಲ್ಲಿ, ಆಫೀಸಲ್ಲಿ ಸಿಗರೇಟು ಅಂದ್ರೆ ಐದು ನಿಮಿಷದ ಬಿಡುವು. ಬಿಟ್ಟೋನು ಬಿಡುವನ್ನೂ ಕಳ್ಕೊಂಡ್ರೆ ಶಿಕ್ಷೆ ಅನ್ನಿಸುತ್ತೆ. ಬಿಡುವು ಇಟ್ಕೊಳ್ಳಿ. ಅದೇ ಹೊತ್ತಿಗೆ ಎದ್ದು ಹೊರಗೆ ಹೋಗಿ, ಸೇದೋರ ಜೊತೆ ನಿಲ್ಲಬೇಡಿ ಅಷ್ಟೇ. ಒಂದು ತೆವಲು ಮೂರರಿಂದ ಐದು ನಿಮಿಷ ಏರಿ ಇಳಿಯುತ್ತೆ, ಸೇದಿದ್ರೂ ಇಳಿಯುತ್ತೆ, ಸೇದದಿದ್ರೂ ಇಳಿಯುತ್ತೆ.

ಅರಸೀಕೆರೆ ಜಂಕ್ಷನ್
ಮತ್ತೆ ಮಾಲೆಗೆ ಬರೋಣ. ಈಗ ಮಾಲೆ ಹಾಕಿರೋನು 42ನೇ ದಿನಕ್ಕೆ ಏನು ಮಾಡ್ಬೇಕು? ಬಿಡಿಸಿ ಹೇಳಿ.

ಹೇಮಾವತಿ ಹಿನ್ನೀರು
ಮಾಲೆ ಇರೋವಾಗಲೇ ಮಾಡ್ಬೇಕಾದ್ದು. ಮೂರನೇ ವಾರದಿಂದ, ಚಡಪಡಿಕೆ ಇಳಿದ ಮೇಲೆ, ಕಪ್ಪು ಪಂಚೆಯಲ್ಲೇ ಆ ಗೂಡಂಗಡಿ ಮುಂದೆ ಹೋಗಿ ನಿಂತು ಬಾಳೆಹಣ್ಣು ತಿಂದು ಬನ್ನಿ. ಕಟ್ಟೆಗೆ ‘ಇವನು ಇಲ್ಲಿ ಸೇದಲ್ಲ’ ಅಂತ ಅಭ್ಯಾಸ ಆಗ್ಲಿ, ನಿಮಗೂ ಆಗ್ಲಿ. ವಾರಕ್ಕೆ ಮೂರು ಸಲ.

ಎರಡನೇದು, ಹೇಳೋ ಮಾತು. ‘ಮಾಲೆ ಹಾಕಿದ್ದೀನಿ, ಬೇಡ’ ಅನ್ನೋದು ಎರವಲು ಕಾರಣ. ಮಾಲೆ ಹೋದ ದಿನ ಬಾಯಲ್ಲಿ ಮಾತೇ ಇರಲ್ಲ. ‘ಬಿಟ್ಟಿದ್ದೀನಿ’ ಅಂದ್ರೆ ‘ಎಷ್ಟು ದಿನಕ್ಕೆ?’ ಅಂತ ನಗ್ತಾರೆ, ವಾದಕ್ಕೆ ಜಾಗ ಆಯ್ತು. ‘ನಾನು ಸೇದಲ್ಲ’ ಅನ್ನಿ. ಎರಡೇ ಪದ. ಮಾಲೆ ಇರುವಾಗಲೇ ಹಾಗೆ ಹೇಳಿ ನಾಲಿಗೆಗೆ ರೂಢಿ ಮಾಡ್ಕೊಳ್ಳಿ.

ಮೂರನೇದು, ‘ಹೀಗಾದ್ರೆ ಹೀಗೆ’ ಅಂತ ಚೀಟಿಯಲ್ಲಿ ಬರ್ಕೊಳ್ಳೋದು. ಪೀಟರ್ ಗಾಲ್ವಿಟ್ಸರ್ ಅನ್ನೋ ಮನಶ್ಶಾಸ್ತ್ರಜ್ಞರು ಬಹಳ ಕೆಲಸ ಮಾಡಿದ ವಿಷಯ. ‘ಸೇದಬಾರದು’ ಅಂತ ಬರೆದ್ರೆ ಪ್ರಯೋಜನ ಇಲ್ಲ. ‘ಊಟ ಆಗಿ ಎಲೆ ಎತ್ತಿದ ಕೂಡ್ಲೇ ಹಲ್ಲುಜ್ಜುತ್ತೀನಿ.’ ‘ಬಸ್ಸು ಚಹಾಕ್ಕೆ ನಿಲ್ಲಿಸಿದ್ರೆ ಬಾಗಿಲಲ್ಲಿ ಇಳಿಯೋ ಮೊದಲೇ ಗಮ್ ಬಾಯಿಗೆ.’ ಮೂರು ನಾಲ್ಕು ಸಾಕು, ಇಪ್ಪತ್ತು ಬರೆದ್ರೆ ಒಂದೂ ನೆನಪಿರಲ್ಲ.

ಬೇಲೂರು ಬಸ್ಸು
ಇಷ್ಟೆಲ್ಲ ಮಾಡಿಯೂ ಒಂದು ಸೇದಿಬಿಟ್ರೆ?

ಸಂಪಿಗೆ ರಸ್ತೆ
ಅಲ್ಲೇ ಹೆಚ್ಚು ಜನ ಬೀಳೋದು. ‘ಹೋಯ್ತು, ಹೇಗೂ ಕೆಡ್ತು, ಪ್ಯಾಕ್ ಕೊಡು’ ಅನ್ನೋ ಮನಸ್ಥಿತಿ. ಅಲನ್ ಮಾರ್ಲಾಟ್ ಅನ್ನೋ ಮನಶ್ಶಾಸ್ತ್ರಜ್ಞರು ಇದನ್ನ ಬಿಡಿಸಿ ತೋರಿಸಿದ್ರು: ಬೀಳಿಸೋದು ಆ ಒಂದು ಸಿಗರೇಟಿಗಿಂತ ಹೆಚ್ಚಾಗಿ ಅದರ ನಂತರದ ತಪ್ಪಿತಸ್ಥ ಭಾವ. ವ್ರತ ಅಂತ ಬಿಟ್ಟೋರಲ್ಲಿ ಇದು ಇನ್ನೂ ಜೋರು, ಯಾಕಂದ್ರೆ ವ್ರತಕ್ಕೆ ಭಂಗ ಅನ್ನೋ ಪದ ಇದೆ, ರಿಪೇರಿ ಅನ್ನೋ ಪದ ಇಲ್ಲ.

ಸೀದಾ ಮಾತು
ಹಾಗಾದ್ರೆ ಒಂದು ಸೇದಿದ್ರೆ ಪರವಾಗಿಲ್ಲ ಅಂತೀರಾ? ಇದೇ ಮಾತು ಕೇಳಿ ಊರೆಲ್ಲ ಸೇದುತ್ತೆ.

ಸಂಪಿಗೆ ರಸ್ತೆ
ಸೇದೋ ಮೊದಲು ಹೇಳಿದ್ರೆ ಅದು ಪರ್ಮಿಟ್ಟು. ಸೇದಿದ ಮೇಲೆ ಹೇಳ್ಬೇಕಾದ ಮಾತು ಅದು. ಸೇದದೆ ಉಳಿದ ಅರ್ಧ ಎಸೆದು, ಯಾವ ಜಾಗ, ಯಾರ ಜೊತೆ, ಎಷ್ಟು ಹೊತ್ತಿಗೆ ಅಂತ ಬರೆದಿಟ್ಟು, ಚೀಟಿಗೆ ಒಂದು ಸಾಲು ಸೇರಿಸಿ.

ರೋಬಸ್ಟಾ ರಾಯ
ತೂಕ ಏರುತ್ತೆ ಅಂತ ಬಿಡದೇ ಇರೋರೂ ಇದ್ದಾರೆ. ಒಂದು ವರ್ಷಕ್ಕೆ ಸರಾಸರಿ ನಾಲ್ಕೈದು ಕೆಜಿ ಏರೋದು ನಿಜ. ಬ್ರಿಟಿಷ್ ಡಾಕ್ಟ್ರುಗಳನ್ನ 50 ವರ್ಷ ಗಮನಿಸಿ 2004ರಲ್ಲಿ ಬರೆದ ಲೆಕ್ಕದಲ್ಲಿ 40ಕ್ಕೆ ಬಿಟ್ಟೋರಿಗೆ ಸುಮಾರು 9 ವರ್ಷ, 60ಕ್ಕೆ ಬಿಟ್ಟೋರಿಗೂ 3 ವರ್ಷ ಆಯಸ್ಸು ಉಳೀತು. ನಾಲ್ಕು ಕೆಜಿಯನ್ನ ಮುಳ್ಳಯ್ಯನಗಿರಿ ಮೆಟ್ಟಿಲಲ್ಲಿ ಕರಗಿಸಬಹುದು.

ಬೇಲೂರು ಬಸ್ಸು
ಆ ಸಹಾಯವಾಣಿ ನಂಬರ್ ಹಾಕಿ, ಬಿಡಿ ಸಿಗರೇಟಿನೋರಿಗೆ. ಕನ್ನಡದಲ್ಲಿ ಮಾತಾಡ್ತಾರಾ?

ಗುಳಿಗೆ ಡಬ್ಬಿ
1800-11-2356. ಪುಕ್ಕಟೆ. ಕನ್ನಡದಲ್ಲಿ ನಿಮ್ಹಾನ್ಸ್ ಕಡೆಯಿಂದ ಮಾತಾಡ್ತಾರೆ. ಬೆಳಿಗ್ಗೆ 8ರಿಂದ ರಾತ್ರಿ 8, ಸೋಮವಾರ ರಜಾ. ಬಿಡೋ ದಿನ ಗೊತ್ತು ಮಾಡಿಸಿ, ಆಮೇಲೆ ಅವರೇ ಫೋನ್ ಮಾಡಿ ವಿಚಾರಿಸ್ತಾರೆ. ಜಿಲ್ಲಾ ಆಸ್ಪತ್ರೆಯಲ್ಲೂ ತಂಬಾಕು ಬಿಡಿಸೋ ಸಲಹಾ ಕೇಂದ್ರ ಎಲ್ಲಿದೆ ಅಂತ ಕೇಳಿ ನೋಡಿ.

ಮೂಡಿಗೆರೆ ಮಂಜು
ಸೋಮವಾರ ರಜಾನಾ! ಇಡೀ ಜಿಲ್ಲೆ ‘ಸೋಮವಾರದಿಂದ ಬಿಡ್ತೀನಿ’ ಅನ್ನುತ್ತಲ್ಲ ಮಾರಾಯ್ರೆ.

ಗುಳಿಗೆ ಡಬ್ಬಿ
ಮಂಗಳವಾರ ಬಿಡಿ.

ಮೂಡಿಗೆರೆ ಮಂಜು
ಮಂಗಳವಾರ ಯಾರಾದ್ರೂ ಒಳ್ಳೆ ಕೆಲಸ ಶುರು ಮಾಡ್ತಾರಾ?

ಸಂಪಿಗೆ ರಸ್ತೆ
ಗುರುವಾರ ಇಟ್ಕೊಳ್ಳಿ. ರಾಹುಕಾಲ ಒಂದೂವರೆಯಿಂದ ಮೂರು, ಫೋನ್ ಬೆಳಿಗ್ಗೆ 8ಕ್ಕೇ ಎತ್ತುತ್ತಾರೆ.